ಅಪ್‌ಡೇಟ್: ಸೋದರಮಾವನ ಡಬ್ಬಿಯ ರೋಮನ್ ಬೆಳ್ಳಿ ನಾಣ್ಯ

ಹೋದ ತಿಂಗಳು ಕೇಳಿದ್ದೆ: ಮಾವನ ಡಬ್ಬಿಯಲ್ಲಿ ಸಿಕ್ಕ ಬೆಳ್ಳಿ ನಾಣ್ಯದ ಮೇಲೆ 'ಸೀಸರ್' ಅಂತಿದೆ, ಇದು ಜೂಲಿಯಸ್ ಸೀಸರನದ್ದೇ ಅಂತ. ಅಲ್ಲವಂತೆ. ನಿಮ್ಮಲ್ಲಿ ಮೂವರು ಹೇಳಿದ್ದೇ ಸರಿ.

ಲೆನ್ಸ್ ಹಿಡಿದು ನೋಡಿದರೆ, 'ಸೀಸರ್' ಮುಂಚೆ ಸವೆದು ಹೋದ ಎರಡಕ್ಷರ ಇತ್ತು: ಟಿ, ಐ. ಅಂದರೆ ಟಿಬೇರಿಯಸ್, ಕ್ರಿ.ಶ. 14ರಿಂದ 37ರವರೆಗೆ ರೋಮ್ ಆಳಿದವನು. ಜೂಲಿಯಸ್ ಆದಮೇಲೆ 'ಸೀಸರ್' ಅನ್ನೋ ಹೆಸರು ಅರಸರ ಬಿರುದೇ ಆಗಿಹೋಯಿತು, ನಾನು ಮೋಸ ಹೋಗಿದ್ದು ಅಲ್ಲೇ. ಹಿಂದುಗಡೆ ಕೂತಿರೋ ಹೆಂಗಸು, ಕೈಯಲ್ಲಿ ರೆಂಬೆ. ಅವನ ತಾಯಿ ಲಿವಿಯಾ ಇರಬಹುದು ಅಂತ ಬಹಳ ಜನ ಹೇಳ್ತಾರೆ.

ಈ ಬಗೆಯ ದಿನಾರಿಯಸ್ (ರೋಮನ್ನರ ಬೆಳ್ಳಿ ನಾಣ್ಯ) ನಮ್ಮ ಕಡೆ ಅಪರೂಪವೇನಲ್ಲ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ. ರೋಮನ್ನರ ಜೊತೆ ಮೆಣಸಿನ ವ್ಯಾಪಾರ ನಡೀತಿದ್ದ ಕಾಲ. ಕ್ರಿ.ಶ. 64ರ ಹೊತ್ತಿಗೆ ರೋಮಿನ ಅರಸ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ದಕ್ಷಿಣ ಭಾರತದ ನಿಧಿಗಳಲ್ಲಿ ಅವನಿಗಿಂತ ಮುಂಚಿನ ಅರಸರಾದ ಅಗಸ್ಟಸ್, ಟಿಬೇರಿಯಸ್ ನಾಣ್ಯಗಳೇ ರಾಶಿ ರಾಶಿ ಇರೋದಕ್ಕೆ ಅದೂ ಒಂದು ಕಾರಣ ಅಂತಾರೆ. ನಮ್ಮ ವರ್ತಕರು ಸುಮ್ಮನೆ ಮುಖ ನೋಡಿ ಮಣೆ ಹಾಕೋರಲ್ಲ!

ಈಗ ಕೆಟ್ಟ ಸುದ್ದಿ. ಅಂಚಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಇದೆ. ಟಿಬೇರಿಯಸನ ಮುಖದ ಚಿತ್ರದ ಮೇಲೆ ಗುಳ್ಳೆ ಒಡೆದಂಥ ಚಿಕ್ಕ ಚಿಕ್ಕ ಗುಂಡಿಗಳು, ಅವನ ಗಲ್ಲದ ಮೇಲೂ ಎರಡು. ಅಸಲಿ ಆಗಿದ್ದರೆ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದಿರಬೇಕಿತ್ತು. ಈ ಗೆರೆ, ಗುಂಡಿ ಎರಡೂ ಎರಕದ ಗುರುತು, ಅಂದರೆ ಇದು ಎರಕ ಹೊಯ್ದ ನಕಲು. ಮಾವನಿಗೆ ಇನ್ನೂ ಹೇಳಿಲ್ಲ. ಪ್ರತಿ ದೀಪಾವಳಿಗೆ ಲಕ್ಷ್ಮಿ ಪಕ್ಕ ಇಟ್ಟು ಕುಂಕುಮ ಹಚ್ತಾರೆ, ಪಾಪ.