‘ಮೀನ್‌ವೈಲ್ ಯೂಸ್’: ಮರುಬಳಕೆಯೋ, ಹಂಗಾಮಿ ಬಳಕೆಯೋ?

ಪ್ರಶ್ನೆ: ಬಳ್ಳಾರಿಯ ಪೇಟೆಯಲ್ಲಿ ಖಾಲಿ ಬಿದ್ದ ಮಳಿಗೆಗಳನ್ನು, ಹೊಸ ಬಾಡಿಗೆದಾರ ಸಿಗುವ ತನಕ ಮೂರು-ನಾಲ್ಕು ತಿಂಗಳ ಮಟ್ಟಿಗೆ ಜೀನ್ಸ್ ಹೊಲಿಯುವವರಿಗೆ, ಕಿನ್ನಾಳದ ಗೊಂಬೆ ಮಾರುವವರಿಗೆ ಬಿಟ್ಟುಕೊಡುವ ಪ್ರಸ್ತಾವವಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಮೀನ್‌ವೈಲ್ ಯೂಸ್’ ಎನ್ನುತ್ತಾರೆ. ಕರಡಿನಲ್ಲಿ ಅದನ್ನು ‘ತಾತ್ಕಾಲಿಕ ಮರುಬಳಕೆ’ ಎಂದು ಬರೆದಿದ್ದೇವೆ. ಸರಿಯೇ? ಒಪ್ಪಂದಪತ್ರಕ್ಕೂ ಇದೇ ಪದ ಸಾಕೇ?

ಉತ್ತರ: ‘ಮರುಬಳಕೆ’ ಬಿಡಿ. ಅದು ಕಿವಿಗೆ ಬಿದ್ದ ಕೂಡಲೇ ಕಸದ ಗಾಡಿ, ಪ್ಲಾಸ್ಟಿಕ್ ಬಾಟಲಿ ನೆನಪಾಗುತ್ತವೆ. ನನ್ನ ಮಳಿಗೆ ಗುಜರಿ ಲೆಕ್ಕಕ್ಕೆ ಬಂತೇ ಎಂದು ಮಾಲೀಕರು ಮುಖ ಸಿಂಡರಿಸಿಯಾರು. ‘ತಾತ್ಕಾಲಿಕ’ ತಪ್ಪಲ್ಲ, ಆದರೆ ಹೆಚ್ಚು ದಿನ ಇರುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಮೂಲದ ತಿರುಳು ಬೇರೆ: ಒಬ್ಬ ಬಿಟ್ಟುಹೋಗಿದ್ದಾನೆ, ಇನ್ನೊಬ್ಬ ಬಂದಿಲ್ಲ, ಆ ನಡುವಿನ ಹೊತ್ತು. ಜರ್ಮನ್ನರ ‘ತ್ಸ್ವಿಷೆನ್‌ನುಟ್ಸುಂಗ್’ ನೇರವಾಗಿ ‘ನಡುಬಳಕೆ’ಯೇ. ‘ಪಾಪ್‌ಅಪ್’ (ಕೆಲವೇ ದಿನಕ್ಕೆ ತೆರೆದು ಮುಚ್ಚುವ ಅಂಗಡಿ) ಇದಲ್ಲ, ಅದು ಮಾರುವವನ ಕಡೆಯಿಂದ ಹುಟ್ಟಿದ ಮಾತು, ಇದು ಕಟ್ಟಡದ ಕಡೆಯಿಂದ.

ನನ್ನ ಒಲವು ‘ಹಂಗಾಮಿ ಬಳಕೆ’ಗೆ. ಹಂಗಾಮಿ ಸಭಾಪತಿ ಎಂದರೆ ಕಾಯಂ ಸಭಾಪತಿ ಬರುವ ತನಕ ಪೀಠದಲ್ಲಿರುವವರು. ಮಳಿಗೆಗೂ ಬೇಕಾದ ಅರ್ಥ ಅದೇ. ತೊಡಕು ಒಂದೇ. ಪಾರಸಿಯ ‘ಹಂಗಾಮ್’ ಎಂದರೆ ಹೊತ್ತು, ಕಾಲ. ರೈತರ ಬಾಯಲ್ಲಿ ಮುಂಗಾರು ಹಂಗಾಮು, ಹಿಂಗಾರು ಹಂಗಾಮು. ‘ಹಂಗಾಮಿ ಅಂಗಡಿ’ ಅಂತ ಬೋರ್ಡ್ ಬರೆಸಿದರೆ ಬೀಜ-ಗೊಬ್ಬರಕ್ಕೆ ಬಂದು ನಿಂತಾರು. ಪ್ರಸ್ತಾವಕ್ಕೆ ಸಾಕು, ಬೋರ್ಡಿಗೆ ಬೇಡ.

ಒಪ್ಪಂದಪತ್ರದಲ್ಲಿ ‘ಬಾಡಿಗೆ’, ‘ಗುತ್ತಿಗೆ’ ಎರಡೂ ಬರಬಾರದು. ಅವು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಮಾತು. ಅಲ್ಲಿ ಬಳಸುವವನಿಗೆ ಸ್ವತ್ತಿನಲ್ಲೇ ಹಕ್ಕು ಹುಟ್ಟುತ್ತದೆ. ನಿಮಗೆ ಬೇಕಾದ್ದು ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮು ಹೇಳುವ ‘ಲೈಸೆನ್ಸ್’, ಅಂದರೆ ಸ್ವತ್ತಿನಲ್ಲಿ ಹಕ್ಕು ಹುಟ್ಟಿಸದ, ಬರೀ ಬಳಸಿಕೊಳ್ಳುವ ಒಪ್ಪಿಗೆ. ಅದನ್ನು ‘ಪರವಾನಗಿ’ ಎಂದರೆ ಪಾಲಿಕೆಯ ಉದ್ದಿಮೆ ಪರವಾನಗಿಯೊಂದಿಗೆ ಕಲಸಿಹೋಗುತ್ತದೆ. ‘ಬಳಕೆ ಅನುಮತಿ’ ಎನ್ನಿ, ಹಣಕ್ಕೆ ‘ಬಳಕೆ ಶುಲ್ಕ’ ಎನ್ನಿ.

ಪದ ಬದಲಿಸಿದರಷ್ಟೇ ಸಾಲದು. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲೇ ಪತ್ರದ ಹೆಸರನ್ನಲ್ಲ, ಹುರುಳನ್ನು ನೋಡಬೇಕೆಂದಿತು. ಪೂರ್ತಿ ಸ್ವಾಧೀನ ಒಪ್ಪಿಸಿದರೆ ‘ಅನುಮತಿ’ಯೂ ಬಾಡಿಗೆಯಾಗಿ ನಿಂತೀತು. ಒಂದು ಕೀಲಿಕೈ ಮಾಲೀಕರಲ್ಲಿರಲಿ, ಅವರು ಒಳಬರುವ ಹಕ್ಕು ಪತ್ರದಲ್ಲಿರಲಿ, ಅವಧಿ ಚಿಕ್ಕದಿರಲಿ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಶುರುವಾದ, ಖಾಲಿ ಮಳಿಗೆಗಳನ್ನು ಹೀಗೆ ಹಂಗಾಮಿಯಾಗಿ ಕೊಡಿಸುತ್ತಿದ್ದ ಸಂಸ್ಥೆ ‘ರಿನ್ಯೂ ನ್ಯೂಕ್ಯಾಸಲ್’ 30 ದಿನದ ಅನುಮತಿಯನ್ನೇ ಮುಂದುವರಿಸುತ್ತ ಹೋಗುತ್ತಿತ್ತು.

ಇನ್ನೊಂದು ಪದ: ‘ಬಾಕಿ’. ‘ಕರೆಂಟ್ ಬಿಲ್ಲು ಬಳಕೆದಾರನದು’ ಎಂದಷ್ಟೇ ಬರೆದರೆ ಹಳೇ ಬಾಕಿಯೂ ಅವನ ತಲೆಗೇ ಬಂದೀತು. ಕೀಲಿಕೈ ಕೊಡುವ ದಿನದ ಜೆಸ್ಕಾಂ ಮೀಟರ್ ರೀಡಿಂಗ್, ಆರ್‌ಆರ್ ನಂಬರ್ ಸಮೇತ, ಪತ್ರದಲ್ಲೇ ನಮೂದಿಸಿ.