ಟರಾಂಟುಲಾ ಐದು ವಾರದಿಂದ ಆಹಾರ ಮುಟ್ಟಿಲ್ಲ, ಪೊರೆ ಬಿಡುವ ಸೂಚನೆಯೇ?

ಪ್ರಶ್ನೆ:
ನಾನು ಸಾಕಿರುವ ದೊಡ್ಡ ಜೇಡ (ಟರಾಂಟುಲಾ) ಬ್ರಾಕಿಪೆಲ್ಮಾ ಹಮೋರೈ ಜಾತಿಯದು, ಕಾಲು ಚಾಚಿದರೆ 12 ಸೆಂ.ಮೀ. ಜಿರಲೆ ಹತ್ತಿರ ಬಂದರೆ ಮುಂಗಾಲಿನಿಂದ ತಳ್ಳುತ್ತದೆ, ಹಿಡಿಯುವುದಿಲ್ಲ. ಹೊಟ್ಟೆಯ ಮೇಲಿನ ಬೋಳು ಜಾಗ ತಿಳಿಕಂದು ಇದ್ದದ್ದು ಈಗ ಕಪ್ಪಗೆ ಹೊಳೆಯುತ್ತಿದೆ. ಪೆಟ್ಟಿಗೆ ಎಲ್ಲ ಕಡೆಯೂ 30 ಸೆಂ.ಮೀ., ತಳದಲ್ಲಿ 5 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೆ ತಂತಿಬಲೆಯ ಮುಚ್ಚಳ. ದಿನಾ ನೀರು ಸಿಂಪಡಿಸಬೇಕೇ? ರಾತ್ರಿ ಒಂದು ಜಿರಲೆ ಒಳಗೇ ಬಿಡಬಹುದೇ?

ಉತ್ತರ 1:
ಪೊರೆ ಬಿಡಲು ಸಿದ್ಧವಾಗಿದೆ. ಆ ಕಪ್ಪು, ಹಳೆಯ ಚರ್ಮದಡಿ ಬೆಳೆದಿರುವ ಹೊಸ ಕೂದಲಿನ ಬಣ್ಣ. ಜಿರಲೆಯನ್ನು ಇವತ್ತೇ ಹೊರಗೆ ತೆಗೆಯಿರಿ. ಪೊರೆ ಬಿಟ್ಟ ಜೇಡ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಕೋರೆಹಲ್ಲೂ ಬೆಳ್ಳಗೆ ಮೃದುವಾಗಿರುತ್ತದೆ. ಹಸಿದ ಜಿರಲೆಯೇ ಅದನ್ನು ಕಚ್ಚಿ ಕೊಲ್ಲಬಲ್ಲದು.

ಬೆನ್ನಡಿಯಾಗಿ ಮಲಗಿದ್ದು ಕಂಡರೆ ಗಾಬರಿಯಾಗಬೇಡಿ, ಪೊರೆ ಬಿಡುವುದೇ ಹಾಗೆ. ಸಾಯುವ ಜೇಡ ಸಾಮಾನ್ಯವಾಗಿ ನೆಟ್ಟಗೇ ಇದ್ದು ಕಾಲುಗಳನ್ನು ಮೈಯಡಿಗೆ ಮಡಚಿಕೊಳ್ಳುತ್ತದೆ. ಕಾಲು ಚಾಚಲು ಅದಕ್ಕೆ ಮೈಯೊಳಗಿನ ದ್ರವದ ಒತ್ತಡ ಬೇಕು, ಒತ್ತಡ ಇಳಿದರೆ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಪೊರೆ ಬಿಡುತ್ತಿರುವುದನ್ನು ಸತ್ತಿದೆಯೆಂದು ಎಸೆದವರಿದ್ದಾರೆ.

ಉತ್ತರ 2:
ಸಿಂಪಡಿಸುವುದು ಬೇಡ. ಇದು ಒಣ ನೆಲದ ಜಾತಿ. ಪೊರೆ ಸಲೀಸಾಗಿ ಕಳಚುವುದು ಮೈಯಲ್ಲಿ ನೀರಿನಂಶ ಇದ್ದಾಗ, ಸುತ್ತಲ ಗಾಳಿ ಒದ್ದೆಯಿದ್ದಾಗಲ್ಲ. ಅಗಲವಾದ ತಟ್ಟೆಯಲ್ಲಿ ಸದಾ ನೀರಿರಲಿ, ಒಂದು ಮೂಲೆಗೆ ಸ್ವಲ್ಪ ಚೆಲ್ಲಿದರೆ ಸಾಕು. ಸ್ಪಂಜ್ ಹಾಕಬೇಡಿ, ಕೊಳೆತು ನಾರುತ್ತದೆ.

ನನಗೆ ಹೆಚ್ಚು ಭಯವಾದದ್ದು ನಿಮ್ಮ ಪೆಟ್ಟಿಗೆಯ ಎತ್ತರ. ನೆಲದಿಂದ ಮುಚ್ಚಳಕ್ಕೆ 25 ಸೆಂ.ಮೀ. ಇದೆ; ನೆಲದ ಜಾತಿಗೆ ಕಾಲು ಚಾಚಿದ ಅಗಲದ ಒಂದೂವರೆ ಪಟ್ಟು, ಅಂದರೆ 18 ಸೆಂ.ಮೀ. ಮೀರಬಾರದು. ಮೇಲಿಂದ ಬಿದ್ದರೆ ಹೊಟ್ಟೆ ಒಡೆಯಬಹುದು. ತಂತಿಬಲೆಯಲ್ಲಿ ಉಗುರು ಸಿಕ್ಕಿಕೊಂಡು ನೇತಾಡುವುದೂ ಉಂಟು. ತೂತು ಕೊರೆದ ಅಕ್ರಿಲಿಕ್ ಹಲಗೆ ಹಾಕಿ, ಕೋಕೋಪೀಟ್ 12 ಸೆಂ.ಮೀ.ಗೆ ಏರಿಸಿ ಒತ್ತಿ. ಈಗಲ್ಲ, ಪೊರೆ ಬಿಟ್ಟು ಕೋರೆಹಲ್ಲು ಮತ್ತೆ ಗಟ್ಟಿಯಾಗಿ ಕಪ್ಪಾದ ಮೇಲೆ.

ಪ್ರಶ್ನೆ ಕೇಳಿದವರು:
ಈಗ ಬಲೆ ಹಾಸಿಕೊಂಡು ಬೆನ್ನಡಿಯಾಗಿ ಮಲಗಿ ಎರಡು ಗಂಟೆಯಾಯಿತು. ಬೆನ್ನಿನ ಚಿಪ್ಪು ಅಂಚಿನಲ್ಲಿ ಬಿಟ್ಟಿದೆ. ಒಂದು ಕಾಲು ಹೊರಬರುತ್ತಿಲ್ಲ. ಎಳೆಯಲೇ?

ಉತ್ತರ 1:
ದಯವಿಟ್ಟು ಎಳೆಯಬೇಡಿ, ಪೆಟ್ಟಿಗೆಯನ್ನೂ ಅಲುಗಿಸಬೇಡಿ. ದೊಡ್ಡ ಜೇಡಕ್ಕೆ ಹಲವು ಗಂಟೆ ಹಿಡಿಯುತ್ತದೆ; ಮಧ್ಯೆ ಮಧ್ಯೆ ನಿಂತು ಮತ್ತೆ ಉಸಿರಾಡಿದಂತೆ ಮೈ ಹಿಗ್ಗಿಸಿ ತಳ್ಳುತ್ತದೆ. ಉಳಿದೆಲ್ಲ ಹೊರಬಂದು ಆ ಕಾಲು ಮಾತ್ರ ಸಿಕ್ಕಿಕೊಂಡಿದ್ದರೆ, ಮೆತ್ತನೆ ಕುಂಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಳೆಯ ಪೊರೆಯನ್ನಷ್ಟೇ ತೋಯಿಸಿ. ಹೊಟ್ಟೆಯ ಅಡಿಭಾಗಕ್ಕೆ ನೀರು ತಾಗದಿರಲಿ, ಶ್ವಾಸಕೋಶಗಳು ಅಲ್ಲಿವೆ. ಕಾಲು ಹೋದರೂ ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ.

ಉತ್ತರ 2:
ಪೊರೆ ಬಿಟ್ಟ ಮೇಲೆ ಕೋರೆಹಲ್ಲು ಬಿಳಿಯಿಂದ ಕೆಂಪು, ಆಮೇಲೆ ಕಪ್ಪಾಗುತ್ತದೆ. ಈ ಗಾತ್ರಕ್ಕೆ 10ರಿಂದ 14 ದಿನ ಆಹಾರ ಬೇಡ, ನೀರು ಮಾತ್ರ. ಕಳಚಿದ ಪೊರೆಯನ್ನು ಎಸೆಯಬೇಡಿ, ಗಂಡೋ ಹೆಣ್ಣೋ ಎಂದು ಅದರಲ್ಲಿ ನೋಡಬಹುದು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬಿಡಿಸಿ, ಒಳಮೈ ನೋಡಿ. ಮುಂದಿನ ಎರಡು ಬಿಳಿ ಶ್ವಾಸಕೋಶದ ಗುರುತುಗಳ ನಡುವೆ ಪುಟ್ಟ ಮಡಿಕೆಯಂಥ ಚೀಲ ಎದ್ದು ನಿಂತಿದ್ದರೆ ಹೆಣ್ಣು.