ಅಪ್‌ಡೇಟ್: ಮನೆಯ ಕಾಗದಪತ್ರಗಳನ್ನು ವಿಂಗಡಿಸಿದ ನಂತರ

ಮೂಡಿಗೆರೆ ಕಡೆಯ ನಮ್ಮ ಮನೆಯ ಟ್ರಂಕಿನಲ್ಲಿ ತಂದೆಯವರ ಕಾಲದಿಂದ ಕೂಡಿಬಂದ ಜಮೀನಿನ ದಾಖಲೆ, ವಿಮೆ ಪತ್ರ, ಬಿಲ್ಲುಗಳನ್ನು ಹೇಗೆ ಜೋಡಿಸಿಡಬೇಕೆಂದು ಕೇಳಿದ್ದೆ. ವರ್ಷವಾರು ಬೇಡ, ವಿಷಯವಾರು ಇಡಿ ಎಂದು ಹಲವರು ತಿಳಿಸಿದ್ದಿರಿ. ಹಾಗೆಯೇ ಮಾಡಿದ್ದೇನೆ, ತಮಗೆಲ್ಲ ಕೃತಜ್ಞತೆಗಳು.

ಹೆಚ್ಚು ಸಮಯ ಹಿಡಿದದ್ದು ಜಮೀನಿನ ಕಡತ. ಪ್ರತಿ ಸರ್ವೆ ನಂಬರಿಗೂ ಬೇರೆ ಫೈಲ್ ಮಾಡಿ, ಕ್ರಯಪತ್ರ, ವಿಭಾಗಪತ್ರ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಋಣಭಾರ ಪ್ರಮಾಣಪತ್ರ (ಜಮೀನಿನ ಮೇಲಿನ ಸಾಲ, ವಹಿವಾಟುಗಳ ವಿವರ) ಮತ್ತು ಕಂದಾಯ ರಸೀದಿಗಳನ್ನು ದಿನಾಂಕದ ಅನುಕ್ರಮದಲ್ಲಿ ಇಟ್ಟಿರುವುದರಿಂದ, ಹಕ್ಕು ಯಾರಿಂದ ಯಾರಿಗೆ ಬಂದಿತೆಂಬುದು ಹಾಳೆ ತಿರುವುತ್ತಿದ್ದಂತೆ ತಿಳಿಯುತ್ತದೆ. ಈಗಿನ ಪಹಣಿಯನ್ನು (ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ) ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಿಂದ ಮತ್ತೆ ಪಡೆಯಬಹುದು. ಆದರೆ ಕೈಬರಹದ ಹಳೆಯ ಪಹಣಿಗಳನ್ನು ಯಾರೂ ಎಸೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದರಿಂದ, ಕಡತಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದ ಕಬ್ಬಿಣದ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಿದ್ದೇವೆ. ಮೂಲಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲಿಲ್ಲ. ಒಮ್ಮೆ ಮಾಡಿಸಿದರೆ ಕಾಗದಕ್ಕೆ ಹಾನಿಯಾಗದಂತೆ ಅದನ್ನು ತೆಗೆಯುವುದು ಕಷ್ಟ.

ದಾಖಲೆಗಳನ್ನು ಆನ್‌ಲೈನಿನಲ್ಲಿ ಇಡುವ ಸರ್ಕಾರಿ ಸೇವೆಯಾದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡಿದ ದಾಖಲೆಗಳಿಗೆ ಮೂಲದಷ್ಟೇ ಮಾನ್ಯತೆ ಇದೆ, ನಾವೇ ಸ್ಕ್ಯಾನ್ ಮಾಡಿ ಸೇರಿಸಿದವುಗಳಿಗೆ ಇಲ್ಲ. ವಿಮೆ ಮತ್ತು ಬ್ಯಾಂಕಿನ ಫೈಲುಗಳ ಮೊದಲ ಹಾಳೆಯಲ್ಲಿ ನಾಮಿನಿಯ ಹೆಸರನ್ನೂ ವಾಯಿದೆಯ ದಿನಾಂಕವನ್ನೂ ಬರೆದು, ಬೀರುವಿನ ಎರಡನೆಯ ಕೀಲಿಯನ್ನು ಪತ್ನಿಗೆ ಒಪ್ಪಿಸಿದ್ದೇನೆ.